ಟೀಚರ್ ಅವರ ದೊಡ್ಡಪ್ಪನ ಮಗ

ಆ ಕಾಲದಲ್ಲಿ ಹೆಣ್ಣುಮಗಳೊಬ್ಬಳು ಟೀಚರ್ ಆಗಬಹುದಿತ್ತು, ಇಲ್ಲವೇ ಹೆಂಡತಿ ಆಗಬಹುದಿತ್ತು. ಎರಡೂ ಆಗುವಂತಿರಲಿಲ್ಲ. ಮದುವೆಯಾದ ದಿನವೇ ಕೆಲಸಕ್ಕೆ ರಾಜೀನಾಮೆ ಕೊಡಬೇಕೆಂದು ನಿಯಮವಿತ್ತು. ಅದನ್ನು ಬರೆದ ದೊಡ್ಡ ಮನುಷ್ಯರಿಗೆಲ್ಲ ಮನೆಯಲ್ಲಿ ಬಿಸಿಬಿಸಿಯಾಗಿ ಬಡಿಸಲು ಹೆಂಡತಿ ಇದ್ದಿರಬೇಕು. ಇಲ್ಲದಿದ್ದರೆ ಇಂಥ ಯೋಚನೆ ಹೊಳೆಯುವುದು ಕಷ್ಟ. ಗಂಡು ಮೇಷ್ಟ್ರುಗಳಿಗೆ ಈ ಕಟ್ಟಳೆ ಇರಲಿಲ್ಲ. ಅವರಲ್ಲಿ ಯಾರಾದರೂ ಮದುವೆಯಾದರೆ ಶಾಲೆಗೆ ಅರ್ಧ ದಿನ ರಜೆ ಕೊಟ್ಟು ಮಕ್ಕಳಿಗೆಲ್ಲ ಸಿಹಿ ಹಂಚುತ್ತಿದ್ದರು.

ನಾನು ಹೇಳಹೊರಟಿರುವ ಟೀಚರ್ ಕೆಲಸಕ್ಕೆ ಸೇರಿದಾಗ ಅವರಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಅಪ್ಪ ತೀರಿಕೊಂಡಿದ್ದರು. ಮನೆಯಲ್ಲಿ ಅಮ್ಮ, ಆಗಷ್ಟೇ ಶಾಲೆಗೆ ಸೇರಿದ್ದ ಇಬ್ಬರು ಪುಟ್ಟ ತಮ್ಮಂದಿರು. ಮೇಜಿನ ಆಚೆ ಕೂತಿದ್ದ ಸಾಹೇಬರು, "ಮದುವೆ ಆಗೋ ಹಾಗಿಲ್ಲ ಗೊತ್ತಲ್ಲಮ್ಮ, ಒಪ್ಪಿಗೇನಾ?" ಎಂದು ಕೇಳಿದರು. "ಒಪ್ಪಿಗೆ ಸಾರ್" ಎಂದು ಈ ಹುಡುಗಿ ತಡವರಿಸದೆ ಹೇಳಿದಳು. ಡಬ್ಬಿಗಳೆಲ್ಲ ಖಾಲಿಯಾಗಿರುವ ಮನೆಯಿಂದ ಬಂದವರು ಏನು ಕೇಳಿದರೂ ಒಪ್ಪಿಕೊಳ್ಳುತ್ತಾರೆ. ಇದನ್ನು ಸಾಹೇಬರೂ ಬಲ್ಲರು.

ಶಾಲೆಯೆಂದರೆ ಒಂದು ಉದ್ದನೆಯ ಹಜಾರ. ಹಿಂದೆ ಅದು ಯಾರದೋ ಗೋದಾಮಾಗಿತ್ತಂತೆ. ಮಳೆ ಹಿಡಿದರೆ ಗೋಡೆಯಿಂದ ಹಳೆಯ ಗೋಣಿಯ ವಾಸನೆ ಬರುತ್ತಿತ್ತು. ಅದರಲ್ಲಿ ಮೂರು ಕ್ಲಾಸು, ನಡುವೆ ಗೋಡೆಯ ಬದಲು ಬೆನ್ನಿಗೆ ಬೆನ್ನು ಹಚ್ಚಿ ನಿಲ್ಲಿಸಿದ ಬೀರುಗಳು. ಮೂರನೇ ಕ್ಲಾಸಿನವರು ಪದ್ಯ ಕೂಗುವಾಗಲೇ ಎರಡನೇ ಕ್ಲಾಸಿನವರು ಮಗ್ಗಿ ಕೂಗಬೇಕು, ಆಗಲೇ ಒಂದನೇ ಕ್ಲಾಸಿನವರು ಅಕ್ಷರ ಕಲಿಯಬೇಕು. ಉಳಿದ ಟೀಚರುಗಳು ಒಬ್ಬರ ಮೇಲೊಬ್ಬರು ದನಿ ಏರಿಸಿ, ಸಂಜೆಯ ಹೊತ್ತಿಗೆ ಗಂಟಲು ಕಟ್ಟಿಕೊಂಡು ಬಿಸಿನೀರು ಕುಡಿಯುತ್ತಿದ್ದರು. ನಮ್ಮ ಟೀಚರ್ ಮಾತ್ರ ದನಿ ಇಳಿಸಿಬಿಡುತ್ತಿದ್ದರು. ಏನು ಹೇಳುತ್ತಾರೋ ತಪ್ಪಿಹೋದೀತೆಂದು ಮಕ್ಕಳೆಲ್ಲ ಕತ್ತು ಮುಂದೆ ಚಾಚಿ, ಬಾಯಿ ಮುಚ್ಚಿಕೊಂಡು ಕೇಳುತ್ತಿದ್ದವು. ಒಂದನೇ ಕ್ಲಾಸಿನಲ್ಲಿ ಅಷ್ಟು ಸದ್ದಿಲ್ಲದಿರುವುದನ್ನು ಕಂಡು ಮಕ್ಕಳನ್ನು ಹೆದರಿಸಿ ಇಟ್ಟಿದ್ದಾರೆಂದು ಒಬ್ಬರು ತಂದೆ ದೂರು ಕೊಟ್ಟದ್ದೂ ಉಂಟು.

ಸೇರಿದ ದಿನದಿಂದ ಬಿಡುವ ದಿನದವರೆಗೂ ಅವರದು ಒಂದನೇ ಕ್ಲಾಸೇ. ಕೈ ಹಿಡಿದು ಬರೆಸುವುದರಲ್ಲಿ ಅವರಿಗೆ ಅವರದೇ ಒಂದು ಕ್ರಮವಿತ್ತು. ಮಗುವಿನ ಬೆನ್ನ ಹಿಂದೆ ಕುಕ್ಕುರುಗಾಲಲ್ಲಿ ಕೂತು ಅದರ ಮಣಿಕಟ್ಟು ಹಿಡಿಯುತ್ತಿದ್ದರು, ಬೆರಳು ಹಿಡಿಯುತ್ತಿರಲಿಲ್ಲ. "ಬೆರಳು ಹಿಡಿದರೆ ಬರೆಯೋಳು ನಾನು, ಮಣಿಕಟ್ಟು ಹಿಡಿದರೆ ಬರೆಯೋದು ಅದು" ಎನ್ನುತ್ತಿದ್ದರು. ಬೋರ್ಡಿನ ಮೇಲೆ ಬರೆಯುವಾಗಲೂ ಬೆನ್ನು ತಿರುಗಿಸದೆ ಅಡ್ಡಡ್ಡ ನಿಂತು, ಒಂದು ಕಣ್ಣು ಮಕ್ಕಳ ಮೇಲಿಟ್ಟೇ ಬರೆಯುತ್ತಿದ್ದರು. ಹೀಗೆ ನಿಂತು ನಿಂತು ಅವರ ಬಲ ಹೆಗಲು ಎಡದಕ್ಕಿಂತ ಸ್ವಲ್ಪ ಮೇಲೆದ್ದುಬಿಟ್ಟಿತ್ತು. ರಜೆ ಮುಗಿಯುವ ಮುಂಚೆ ಇದ್ದಿಲು ಅರೆದು ಬೋರ್ಡಿಗೆ ಬಳಿಯುವುದು, ಸ್ಲೇಟು ಒರೆಸುವ ಬಟ್ಟೆಗಳನ್ನು ಒಗೆದು ಹಾಕುವುದು, ಕ್ಲಾಸಿನಲ್ಲೇ ಒದ್ದೆ ಮಾಡಿಕೊಂಡ ಮಗುವನ್ನು ಬೇರೆಯವರು ನೋಡಿ ನಗುವ ಮೊದಲೇ ಹಿತ್ತಿಲಿಗೆ ಕರೆದೊಯ್ಯುವುದು ಎಲ್ಲವನ್ನೂ ಅವರೇ ಮಾಡಬೇಕಿತ್ತು.

ಶಾಲೆಯ ಹಿಂದೆ ಟೀಚರುಗಳಿಗೆಂದು ಕಟ್ಟಿಸಿದ ಕೋಣೆಗಳ ಸಾಲು. ನಮ್ಮ ಟೀಚರ್ ಇದ್ದದ್ದೂ ಅಲ್ಲೇ. ಮುಂದಿನ ಕೋಣೆಯಲ್ಲಿ ಹೆಡ್‌ಮಿಸ್ಟ್ರೆಸ್ಸು. ಶಾಲೆಯ ಗಂಟೆ ಹೊಡೆಯುವ ಕೆಲಸವನ್ನು ಜವಾನನಿಗೂ ಬಿಟ್ಟುಕೊಡದೆ ತಾವೇ ಹೊಡೆಯುತ್ತಿದ್ದುದರಿಂದ ಮಕ್ಕಳು ಅವರಿಗೆ ಗಂಟೆಯಮ್ಮ ಎಂದು ಹೆಸರಿಟ್ಟಿದ್ದರು. ಗಂಟೆಯಮ್ಮನೂ ಮದುವೆಯಾದವರಲ್ಲ. ಸಂಜೆ ಕತ್ತಲಾಗುತ್ತಲೇ ಹೊರಬಾಗಿಲಿಗೆ ಅಗುಳಿ ಹಾಕಿ, ಎಲ್ಲರೂ ಒಳಗಿದ್ದಾರೆಯೇ ಎಂದು ನೋಡಿಕೊಂಡು ಮಲಗುತ್ತಿದ್ದರು.

ಹಾಗೆ ಹತ್ತು ವರ್ಷ ಕಳೆದ ಮೇಲೆ ಪ್ರೆಸ್ಸಿನವರು ಬಂದರು. ಬಂದರು ಅನ್ನುವುದಕ್ಕಿಂತ ಟೀಚರೇ ಅಲ್ಲಿಗೆ ಹೋದರು. ಪರೀಕ್ಷೆಯ ಪ್ರಶ್ನೆಪತ್ರಿಕೆಗಳು ಪಕ್ಕದ ಊರಿನ ಪ್ರೆಸ್ಸಿನಲ್ಲಿ ಅಚ್ಚಾಗುತ್ತಿದ್ದವು. ಅಚ್ಚಿಗೆ ಹೋಗುವ ಮೊದಲು ಶಾಲೆಯಿಂದ ಒಬ್ಬರು ಹೋಗಿ ತಪ್ಪು ನೋಡಿಕೊಂಡು ಬರಬೇಕು. ಆ ಸಲ ಟೀಚರ್ ಹೋದರು. ಲೆಕ್ಕದ ಪತ್ರಿಕೆಯಲ್ಲಿ, ಮೂವತ್ತು ಹಣ್ಣು ಇದ್ದವನು ನಲವತ್ತು ಹಣ್ಣು ಹಂಚಿದರೆ ಉಳಿದದ್ದು ಎಷ್ಟು ಎಂದಿತ್ತು. ಟೀಚರಿಗೆ ರೇಗಿತು. ಅಚ್ಚಿನ ಮೊಳೆ ಜೋಡಿಸುವವರನ್ನು ಕರೆದು, "ಕಣ್ಣು ಬಿಟ್ಕೊಂಡು ಜೋಡಿಸಬಾರದಾ?" ಎಂದರು.

ಅವರೇ ಈ ಪ್ರೆಸ್ಸಿನವರು. ಒಳಗೆ ಹೋಗಿ ಕೈಬರಹದ ಪ್ರತಿ ತಂದು ಮುಂದೆ ಹಿಡಿದರು. ಗಂಟೆಯಮ್ಮನ ದುಂಡು ಅಕ್ಷರ. ಮೂವತ್ತು, ನಲವತ್ತು.

"ನಾನು ಜೋಡಿಸೋನು ಟೀಚರ್, ಲೆಕ್ಕ ತಿದ್ದೋ ಅಧಿಕಾರ ನನಗಿಲ್ಲ. ಆದ್ರೂ ಬರೆದೋರು ಯಾರೋ ಧಾರಾಳಿ ಇರಬೇಕು. ತಮ್ಮ ಹತ್ರ ಇಲ್ಲದ್ದನ್ನೂ ಕೊಟ್ಬಿಡ್ತಾರೆ."

ಟೀಚರಿಗೆ ನಗು ತಡೆಯಲಾಗಲಿಲ್ಲ. ಗಂಟೆಯಮ್ಮ ಧಾರಾಳಿ! ಒಂದು ಸೀಮೆಸುಣ್ಣ ಕೇಳಿದರೆ ಹಳೆಯ ತುಂಡು ತೋರಿಸು ಎನ್ನುವವರು. ಅಷ್ಟು ಜೋರಾಗಿ ನಕ್ಕು ಎಷ್ಟು ವರ್ಷವಾಗಿತ್ತೋ ಏನೋ, ಬಸ್ಸಿನಲ್ಲಿ ವಾಪಸು ಬರುವಾಗ ದವಡೆ ನೋಯುತ್ತಿತ್ತು.

ಮುಂದಿನ ಪರೀಕ್ಷೆಗೂ ಟೀಚರೇ ಹೋದರು. ಅದರ ಮುಂದಿನದಕ್ಕೂ. ಒಮ್ಮೆ ಒಂದು ಸ್ಲೇಟನ್ನೂ ಜೊತೆಗೆ ಒಯ್ದಿದ್ದರು. ಅವರ ಕ್ಲಾಸಿನಲ್ಲಿ ಒಬ್ಬ ಹುಡುಗ ಎಲ್ಲ ಅಕ್ಷರಗಳನ್ನೂ ಕನ್ನಡಿಯಲ್ಲಿ ಕಂಡ ಹಾಗೆ ಹಿಂದುಮುಂದಾಗಿ ಬರೆಯುತ್ತಿದ್ದ. ಮಂದಬುದ್ಧಿ ಎಂದು ಮನೆಯವರು ಕೈಬಿಟ್ಟಿದ್ದರು. ಪ್ರೆಸ್ಸಿನವರು ಸ್ಲೇಟು ತೆಗೆದುಕೊಂಡು ಗಡಗಡ ಓದಿಬಿಟ್ಟರು. ಮೊಳೆಯ ಮೇಲಿನ ಅಕ್ಷರ ತಿರುಗುಮುರುಗೇ ಇರುವುದರಿಂದ ಅವರಿಗೆ ಹಾಗೆ ಓದುವುದೇ ಸಲೀಸು. "ಈ ಹುಡುಗನಿಗೆ ಏನೂ ಆಗಿಲ್ಲ ಟೀಚರ್, ನಮ್ಮ ಕಸುಬಿಗೆ ಹುಟ್ಟಿದ್ದಾನೆ ಅಷ್ಟೇ" ಎಂದರು. ಆ ಹುಡುಗನನ್ನು ಯಾರೂ ಹಾಗೆ ಕಂಡಿರಲಿಲ್ಲ. ಆ ಮಾತು ಕೇಳಿದ ಮೇಲೆ ಈ ಮನುಷ್ಯನನ್ನು ಬಿಟ್ಟು ಬದುಕುವುದು ತನ್ನಿಂದಾಗದು ಎಂದು ಟೀಚರಿಗೆ ಗೊತ್ತಾಗಿಹೋಯಿತು.

ಮದುವೆ ಒಂದು ಸರ್ಕಾರಿ ಕಚೇರಿಯಲ್ಲಿ, ಪ್ರೆಸ್ಸಿನ ಇಬ್ಬರು ಸಾಕ್ಷಿಗಳೆದುರು, ಹತ್ತು ನಿಮಿಷದಲ್ಲಿ ಮುಗಿಯಿತು. ಟೀಚರ್ ಮೈಮೇಲೆ ಮದುವೆಯ ಗುರುತೆಂದು ಏನನ್ನೂ ಇಟ್ಟುಕೊಳ್ಳಲಿಲ್ಲ. ಅಮ್ಮನಿಗೆ ಹೇಳಿದಾಗ ಅಮ್ಮ, "ಕೆಲಸ?" ಎಂದು ಕೇಳಿದರು.

"ಇರುತ್ತೆ. ಯಾರಿಗೂ ಗೊತ್ತಾಗಲ್ಲ."

"ಹಾಗಾದ್ರೆ ಸರಿ."

ಹೆತ್ತ ಮಗಳ ಮದುವೆಗೆ ತಾಯಿ ಆಡಿದ ಮಾತು ಇಷ್ಟೇ. ಟೀಚರ್ ಬೇಸರ ಮಾಡಿಕೊಳ್ಳಲಿಲ್ಲ, ತಮ್ಮಂದಿರ ಓದು ಇನ್ನೂ ಮುಗಿದಿರಲಿಲ್ಲ. ಹಾಗೆಂದು ಅವರು ಕೆಲಸ ಬಿಡದಿದ್ದುದು ಬರೀ ಮನೆಯವರಿಗಾಗಿ ಎಂದರೆ ಅದು ಸುಳ್ಳು. ಒಂದು ಮಗು ತನ್ನ ಪಾಡಿಗೆ ತಾನು ಮೊದಲ ಸಲ ಒಂದು ಪದ ಕೂಡಿಸಿ ಓದಿ, ಓದಿದ್ದು ತಾನೇ ಎಂದು ನಂಬಲಾಗದೆ ತಲೆಯೆತ್ತಿ ನೋಡುತ್ತದಲ್ಲ, ಅದು ಅವರಿಗೆ ಬೇಕಿತ್ತು. ವರ್ಷಕ್ಕೆ ನಲವತ್ತು ಸಲ ಅದು ಸಿಗುವ ಕೆಲಸವನ್ನು ಬಿಡು ಎಂದು ಪ್ರೆಸ್ಸಿನವರೂ ಒಂದು ದಿನವೂ ಹೇಳಲಿಲ್ಲ.

ಶನಿವಾರ ಅರ್ಧ ದಿನದ ಶಾಲೆ. ಗಂಟೆ ಹೊಡೆಯುತ್ತಲೇ ಟೀಚರ್ ಬಸ್ಸು ಹಿಡಿಯುತ್ತಿದ್ದರು. ಪಕ್ಕದ ಊರಿನಲ್ಲಿ ದೊಡ್ಡಪ್ಪನ ಮಗ ಇದ್ದಾನೆ, ದೊಡ್ಡಮ್ಮನಿಗೆ ಹುಷಾರಿಲ್ಲ, ನೋಡಿಕೊಳ್ಳುವವರಿಲ್ಲ ಎಂದು ಶಾಲೆಯಲ್ಲಿ ಹೇಳಿದ್ದರು. ಇಲ್ಲದ ಆ ದೊಡ್ಡಮ್ಮನಿಗೆ ಬಾರದ ಕಾಯಿಲೆಯಿಲ್ಲ. ಮಂಡಿನೋವು ಎಂದರೆ ಗಂಟೆಯಮ್ಮ ಎಣ್ಣೆ ಕೊಟ್ಟು ಕಳಿಸುವರು. ಕೆಮ್ಮು ಎಂದರೆ ಕಷಾಯದ ಪುಡಿ. ಆ ಎಣ್ಣೆಯನ್ನು ಪ್ರೆಸ್ಸಿನವರು ತಮ್ಮ ಸೊಂಟಕ್ಕೆ ಹಚ್ಚಿಕೊಂಡು, "ದೊಡ್ಡಮ್ಮನ ಪುಣ್ಯ" ಎನ್ನುತ್ತಿದ್ದರು. ಕೊನೆಗೆ, ಮುದುಕಿಯನ್ನು ಎಷ್ಟು ವರ್ಷ ಬದುಕಿಸಿಡುವುದು ಎಂದು ಇಬ್ಬರೂ ಕೂತು ಯೋಚಿಸಿ ಅವಳನ್ನು ಸಾಯಿಸಿದರು. ಗಂಟೆಯಮ್ಮ ಕಣ್ಣೊರೆಸಿಕೊಂಡು ಟೀಚರಿಗೆ ಒಂದು ದಿನದ ರಜೆ ಕೊಟ್ಟರು. ಆ ರಜೆಯಲ್ಲಿ ಗಂಡ ಹೆಂಡತಿ ಊರಾಚೆಯ ಕೆರೆಯ ದಂಡೆಗೆ ಬುತ್ತಿ ಕಟ್ಟಿಕೊಂಡು ಹೋಗಿದ್ದರು. ಆಮೇಲೆ, ಅಣ್ಣ ಒಬ್ಬನೇ ಆಗಿಬಿಟ್ಟ, ವಾರಕ್ಕೊಮ್ಮೆ ಹೋಗಿ ಮನೆ ಚೊಕ್ಕಟ ಮಾಡಿ ಬರಬೇಕು ಎಂಬುದು ನೆಪವಾಯಿತು.

ಅವರ ಮನೆ ಒಂದು ಸೈಕಲ್ ರಿಪೇರಿ ಅಂಗಡಿಯ ಮೇಲಿನ ಒಂದೂವರೆ ಕೋಣೆ. ಮೆಟ್ಟಿಲ ತುಂಬ ರಬ್ಬರಿನ ವಾಸನೆ. ಶನಿವಾರದ ಅಡುಗೆ ಪ್ರೆಸ್ಸಿನವರದು, ಭಾನುವಾರದ್ದು ಟೀಚರದು. ಪ್ರೆಸ್ಸಿನವರ ಬೆರಳ ತುದಿಯ ಕಪ್ಪು ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ, ಟೀಚರ್ ಉಗುರಿನ ಸಂದಿಯ ಬಿಳಿಯೂ ಹೋಗುತ್ತಿರಲಿಲ್ಲ. ಆ ಬೀದಿಯಲ್ಲಿ ಅವರು ಪ್ರೆಸ್ಸಿನವರ ಹೆಂಡತಿ. ದೂರದ ಯಾವುದೋ ಆಫೀಸಿನಲ್ಲಿ ಕೆಲಸ, ವಾರಕ್ಕೊಮ್ಮೆ ಬರುತ್ತಾರೆ ಎಂದಷ್ಟೇ ಅಕ್ಕಪಕ್ಕದವರಿಗೆ ಗೊತ್ತು. ಆದರೆ ಬಸ್ ನಿಲ್ದಾಣದಲ್ಲೋ ಪೇಟೆಯಲ್ಲೋ ಮಕ್ಕಳ ತಂದೆತಾಯಿ ಎದುರಾದರೆ ತಕ್ಷಣ ಬೇರೆ ಮನುಷ್ಯರಾಗಬೇಕು. "ಇವರು ನಮ್ಮ ಅಣ್ಣ, ದೊಡ್ಡಪ್ಪನ ಮಗ" ಎಂದು ಟೀಚರ್ ಹೇಳುವರು, ಪ್ರೆಸ್ಸಿನವರು ಎರಡು ಹೆಜ್ಜೆ ದೂರ ನಿಂತು ಕೈಮುಗಿಯುವರು.

ಹೀಗೆ ಎರಡು ಬಾಯಿ ಇಟ್ಟುಕೊಂಡರೆ ಒಂದು ದಿನ ತಪ್ಪುವುದೇ. ಒಂದು ಭಾನುವಾರ ಬೆಳಿಗ್ಗೆ ಕೆಳಗಿನ ನಲ್ಲಿಯಲ್ಲಿ ನೀರು ಬಂತು. ನಾಲ್ಕಾರು ಹೆಂಗಸರು ಕೊಡ ಹಿಡಿದು ನಿಂತಿದ್ದರು. ಟೀಚರ್ ಮೆಟ್ಟಿಲ ಬುಡದಿಂದ ಮೇಲಕ್ಕೆ ನೋಡಿ, "ಅಣ್ಣಾ, ನೀರು ಬಂತು, ಇನ್ನೊಂದು ಕೊಡ ತಗೊಂಡು ಬಾ" ಎಂದು ಕೂಗಿಬಿಟ್ಟರು. ಕೂಗಿದ ಮೇಲೆ ನಾಲಿಗೆ ಕಚ್ಚಿಕೊಂಡರು. ಹೆಂಗಸರು ಬಿದ್ದುಬಿದ್ದು ನಕ್ಕರು. "ಗಂಡನಿಗೇ ಅಣ್ಣ ಅಂತೀಯಲ್ಲೇ ಮಾರಾಯ್ತಿ!" ಎಂದು ತಿಂಗಳುಗಟ್ಟಲೆ ಆಡಿಕೊಂಡರು. ಮೇಲಿನಿಂದ ಕೊಡ ಹಿಡಿದು ಇಳಿದುಬಂದ ಪ್ರೆಸ್ಸಿನವರು ಅವರೆಲ್ಲರಿಗಿಂತ ಜೋರಾಗಿ ನಕ್ಕರು.

ಮೇಲೆ ಹೋಗಿ ಬಾಗಿಲು ಹಾಕಿದ ಮೇಲೆ ಅವರ ಮುಖದಲ್ಲಿ ನಗುವಿರಲಿಲ್ಲ. ಕೊಡ ಇಳಿಸಿ, ಕೈ ಒರೆಸಿಕೊಂಡು, "ಹೊರಗೆ ಏನು ಬೇಕಾದ್ರೂ ಕರಿ. ಈ ಹೊಸಿಲ ಒಳಗೆ ಬಂದ ಮೇಲೆ, ಈ ಬೀದೀಲಿ, ಹಾಗೆ ಕರೀಬೇಡ" ಎಂದರು. "ನನ್ನನ್ನ 'ರೀ' ಅನ್ನೋಳು ಲೋಕದಲ್ಲಿ ಒಬ್ಬಳೇ." ಟೀಚರ್ ಆ ದಿನವಿಡೀ ಬೇಕೆಂದೇ ಮಾತುಮಾತಿಗೂ ರೀ, ರೀ ಎಂದರು. ಒಲೆ ಊದುವಾಗ ರೀ, ಹೊದಿಕೆ ಮಡಿಸುವಾಗ ರೀ. ಕೊನೆಗೆ ಅವರೇ, "ಸಾಕು ಮಾರಾಯ್ತಿ, ಸವೆದುಹೋದೀತು" ಎನ್ನುವವರೆಗೆ.

ಮಕ್ಕಳಾಗದಂತೆ ನೋಡಿಕೊಳ್ಳಬೇಕಿತ್ತು, ನೋಡಿಕೊಂಡರು. ಬಸುರನ್ನು ದೊಡ್ಡಪ್ಪನ ಮಗನ ಹೆಸರು ಹೇಳಿ ಮುಚ್ಚಿಡಲಾಗದು. ಶಾಲೆಯ ಮಕ್ಕಳೇ ನನ್ನ ಮಕ್ಕಳು ಎಂಬ ಮಾತು ಭಾಷಣಕ್ಕೆ ಚೆನ್ನ. ಟೀಚರಿಗೆ ವ್ಯತ್ಯಾಸ ಚೆನ್ನಾಗಿ ಗೊತ್ತಿತ್ತು; ಶಾಲೆಯ ಮಕ್ಕಳು ಸಂಜೆಯ ಗಂಟೆ ಹೊಡೆದ ಕೂಡಲೇ ಅಮ್ಮಾ ಎಂದು ಕೂಗುತ್ತ ಬೇರೆಯವರ ಕಡೆಗೆ ಓಡುತ್ತವೆ. ವರ್ಷಗಳು ಕಳೆದಂತೆ ಆ ನೋವು ಕಡಿಮೆಯಾಗುತ್ತದೆಂದು ಅವರು ತಿಳಿದಿದ್ದರು. ಆಗಲಿಲ್ಲ.

ಹೀಗೇ ಹದಿನೆಂಟು ವರ್ಷ ನಡೆಯಿತು. ತಮ್ಮಂದಿರು ಓದಿ, ಕೆಲಸ ಹಿಡಿದು, ಧಾಮ್‌ಧೂಮ್ ಎಂದು ಮದುವೆಯಾಗಿ, ಅಮ್ಮನನ್ನು ಅಕ್ಕನಿಗೇ ಬಿಟ್ಟು ದೂರ ಹೋದರು. ಟೀಚರಿಗೆ ಇನ್ನು ಕೆಲವೇ ವರ್ಷಕ್ಕೆ ಪೆನ್ಷನ್ ಬರುವುದಿತ್ತು. ಅದು ಕೈಗೆ ಬಂದ ದಿನವೇ ಸೈಕಲ್ ಅಂಗಡಿಯ ಮೇಲಿನ ಮನೆಗೆ ಪೆಟ್ಟಿಗೆ ಸಾಗಿಸುವುದು, ಮೊದಲ ಸಲ ಸೋಮವಾರ ಬೆಳಿಗ್ಗೆ ಅಲ್ಲಿ ಏಳುವುದು ಎಂದು ಇಬ್ಬರೂ ಮಾತಾಡಿಕೊಂಡಿದ್ದರು. ಸೋಮವಾರ ಹೇಗಿರುತ್ತೋ ನೋಡಬೇಕು ಎಂದು ಪ್ರೆಸ್ಸಿನವರು ಹೇಳುತ್ತಲೇ ಇದ್ದರು.

ಅಷ್ಟರಲ್ಲಿ ಅವರ ಎದೆಗೆ ಕಾಯಿಲೆ ಬಂತು. ಅಚ್ಚಿನ ಮೊಳೆಗಳ ಸೀಸದ ಧೂಳಿನಲ್ಲಿ ಅಷ್ಟು ವರ್ಷ ಕೆಲಸ ಮಾಡಿದವರ ಕೆಮ್ಮು ಅದು, ಕಷಾಯಕ್ಕೆ ಬಗ್ಗಲಿಲ್ಲ. ಅಲ್ಲಿಯ ಡಾಕ್ಟರು ದೊಡ್ಡಾಸ್ಪತ್ರೆಗೆ ಒಯ್ಯಿರಿ ಎಂದರು. ದೊಡ್ಡಾಸ್ಪತ್ರೆ ಇದ್ದದ್ದು ಟೀಚರ್ ಅವರ ಊರಿನಲ್ಲಿ, ಶಾಲೆಯಿಂದ ಎರಡು ಬೀದಿ ಆಚೆ.

"ಅಲ್ಲಿ ಬೇಡ" ಎಂದರು ಪ್ರೆಸ್ಸಿನವರು. "ಅಲ್ಲಿ ನಾನು ನಿನಗೆ ಅಣ್ಣ."

"ಜೀವ ಉಳಿದರೆ ಸಾಕು. ಏನಾದ್ರೂ ಆಗಿರಿ" ಎಂದರು ಟೀಚರ್.

ಗಂಡಸರ ವಾರ್ಡಿನ ಉಸ್ತುವಾರಿ ನರ್ಸು ಟೀಚರ್ ಅವರ ಕ್ಲಾಸಿನ ಹುಡುಗಿಯೊಬ್ಬಳ ತಾಯಿ. ಕಂಡೊಡನೆ ಎದ್ದು ನಿಂತು ಕುರ್ಚಿ ಕೊಟ್ಟರು. ವಾರ್ಡಿನಲ್ಲಿ ಕಟ್ಟುನಿಟ್ಟು ಇತ್ತು: ಹೆಂಡತಿಯೋ ತಾಯಿಯೋ ಆದರೆ ಹಗಲಿರುಳು ಹಾಸಿಗೆಯ ಪಕ್ಕ ಕೂರಬಹುದು, ಉಳಿದ ನೆಂಟರು ಸಂಜೆ ಒಂದು ಗಂಟೆ ಬಂದು ನೋಡಿಕೊಂಡು ಹೋಗಬೇಕು.

"ಇವರು ನಿಮಗೇನಾಗಬೇಕು ಟೀಚರ್?" ಎಂದು ನರ್ಸು ಕೇಳಿದರು.

ಹಾಸಿಗೆಯ ಮೇಲಿದ್ದವರು ಕಣ್ಣು ಮುಚ್ಚಿಕೊಂಡಿದ್ದರು, ಆದರೆ ನಿದ್ದೆ ಬಂದಿರಲಿಲ್ಲ. ಒಂದು ಪದ ಹೇಳಿದರೆ ಪಕ್ಕದಲ್ಲಿ ಕೂರಬಹುದು. ಆ ಪದ ಸಂಜೆಯೊಳಗೆ ಶಾಲೆಗೆ ಹೋಗಬಹುದು. ನಾಳೆ ಕೆಲಸ ಹೋಗುತ್ತದೆ, ಪೆನ್ಷನ್ ಹೋಗುತ್ತದೆ, ಹಾಸಿಗೆ ಹಿಡಿದಿರುವ ಅಮ್ಮನ ಗತಿ ಏನು, ಇವರ ಔಷಧಿಗೆ ಏನು ಮಾಡುವುದು.

"ದೊಡ್ಡಪ್ಪನ ಮಗ" ಎಂದರು. "ಅಣ್ಣ."

ಸಂಜೆಯ ಆ ಒಂದು ಗಂಟೆಯನ್ನು ಟೀಚರ್ ಒಂದು ದಿನವೂ ತಪ್ಪಿಸಲಿಲ್ಲ. ಪಕ್ಕದ ಹಾಸಿಗೆಗಳವರಿಗೆ ಕೇಳುವಂತೆ, "ಹೇಗಿದ್ದೀಯಣ್ಣಾ?" ಎನ್ನಬೇಕು. ಕೈ ಹಿಡಿಯುವಂತಿಲ್ಲ. ನಾಡಿ ನೋಡುವವರ ಹಾಗೆ ಮಣಿಕಟ್ಟು ಹಿಡಿದುಕೊಂಡು ಕೂರುತ್ತಿದ್ದರು, ಬಿಡುವಾಗ ಬೆರಳಿಗೆ ಬೆರಳು ತಾಗಿಸುತ್ತಿದ್ದರು. ಪ್ರೆಸ್ಸಿನವರು ಮೆಲ್ಲಗೆ, "ಇವತ್ತು ಯಾವ ಮಗು ಓದಿತು?" ಎಂದು ಕೇಳುವರು. ಟೀಚರ್ ಹೇಳುವರು. ಗಂಟೆ ಮುಗಿಯಿತೆಂದು ಆಯಾ ಬಂದು ನಿಂತರೆ ಎದ್ದು, "ಬರ್ತೀನಣ್ಣಾ, ನಾಳೆ ಬರ್ತೀನಿ" ಎಂದು ಹೇಳಿ ಹೊರಡುವರು. ಒಂದು ಸಂಜೆ ಹಾಗೆ ಹೇಳಿ ಬಾಗಿಲವರೆಗೆ ಹೋದವರು ತಿರುಗಿ ನೋಡಿದರು. ಪ್ರೆಸ್ಸಿನವರು ಇನ್ನೂ ನೋಡುತ್ತಲೇ ಇದ್ದರು. ಟೀಚರ್ ಬಾಯಿ ತೆರೆದರು. ಆಯಾ ಪಕ್ಕದಲ್ಲೇ ಇದ್ದಳು. ಟೀಚರ್ ಸುಮ್ಮನೆ ತಲೆಯಾಡಿಸಿ ಹೊರಟುಹೋದರು.

ಮಾರನೆಯ ದಿನ ಬೆಳಿಗ್ಗೆ, ಮಕ್ಕಳು ಸ್ಲೇಟು ಒರೆಸಿಕೊಂಡು ಕೂತಿದ್ದಾಗ, ಆಸ್ಪತ್ರೆಯ ಜವಾನ ಬಂದು ಗಂಟೆಯಮ್ಮನ ಹತ್ತಿರ ಏನೋ ಹೇಳಿದ. ಗಂಟೆಯಮ್ಮ ಬೀರುಗಳ ಸಂದಿಯಿಂದ ಒಳಗೆ ಬಂದು ಟೀಚರ್ ಭುಜದ ಮೇಲೆ ಕೈಯಿಟ್ಟರು. "ನಿಮ್ಮ ಅಣ್ಣ ಹೋದರಂತೆ ಕಣಮ್ಮ. ಹೋಗಿ ಬಾ. ದೊಡ್ಡಪ್ಪನ ಮಕ್ಕಳು ಹೋದರೆ ಅರ್ಧ ದಿನ ರಜೆ ಕೊಡಬಹುದು, ಅದಕ್ಕಿಂತ ಹೆಚ್ಚು ನನ್ನ ಕೈಲಿಲ್ಲ."

ಟೀಚರ್ ಸೀಮೆಸುಣ್ಣವನ್ನು ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿ ಹೋದರು. ವಾರ್ಡಿನಲ್ಲಿ ನರ್ಸು ಅವರ ಕೈಹಿಡಿದು ಸಮಾಧಾನ ಮಾಡಿದರು. "ಬೆಳಗಿನ ಜಾವದಿಂದ ಉಸಿರಿಗೆ ಕಷ್ಟಪಡ್ತಿದ್ರು ಟೀಚರ್. ಬಾಗಿಲ ಕಡೇನೇ ನೋಡ್ತಿದ್ರು. ಹೆಂಡತೀನ ಕರೆಸಬೇಕಾ, ಎಲ್ಲಿದ್ದಾರೆ ಹೇಳಿ, ಆಳು ಕಳಿಸ್ತೀನಿ ಅಂತ ಕೇಳಿದೆ. ನನಗೆ ಯಾರೂ ಇಲ್ಲ ಸಿಸ್ಟರ್ ಅಂದ್ರು. ಎರಡು ಸಲ ಕೇಳಿದೆ, ಎರಡು ಸಲಾನೂ ಹಾಗೇ ಅಂದ್ರು. ಪಾಪ, ಯಾರೂ ಇಲ್ಲದ ಜೀವ."

ಟೀಚರ್ ಒಬ್ಬ ತಂಗಿ ಅಳಬಹುದಾದಷ್ಟು ಅತ್ತರು. ಅದಕ್ಕಿಂತ ಹೆಚ್ಚು ಅಳಲಿಲ್ಲ.

ಪ್ರೆಸ್ಸಿನಲ್ಲಿ ಜೊತೆಗೆ ದುಡಿದವರು ಗಾಡಿ ತಂದು ಹೆಣವನ್ನು ಅವರ ಊರಿಗೆ ಒಯ್ದರು. ಟೀಚರ್ ಜೊತೆಯಲ್ಲೇ ಹೋದರು. ಸೈಕಲ್ ಅಂಗಡಿಯ ಮುಂದೆ ಇಳಿಯುತ್ತಲೇ ನಲ್ಲಿಯ ಹೆಂಗಸರು ಬಂದು ತಬ್ಬಿಕೊಂಡರು; ಅಲ್ಲಿ ಅವರು ಹೆಂಡತಿಯಾಗಿ ಗಂಟಲು ಬಿಚ್ಚಿ ಅತ್ತರು. ಎಲ್ಲ ಮುಗಿದ ಮೇಲೆ ಕೊನೆಯ ಬಸ್ಸಿಗೆ ಎದ್ದು ಹೊರಟರು. ಗಂಡ ಸತ್ತ ಮನೆಯ ಬಾಗಿಲು ಹಾಕಿಕೊಂಡು ಇವಳು ಆಫೀಸಿಗೆ ಹೊರಟಳಲ್ಲ ಎಂದು ಆ ಹೆಂಗಸರು ದಂಗಾಗಿ ನಿಂತರು. ಯಾರೂ ಬಸ್ಸಿನವರೆಗೆ ಬರಲಿಲ್ಲ.

ಮರುದಿನ ಬೆಳಿಗ್ಗೆ ಟೀಚರ್ ಕ್ಲಾಸಿನಲ್ಲಿದ್ದರು. ಒಂದು ಹುಡುಗಿಯ ಬೆನ್ನ ಹಿಂದೆ ಕೂತು ಮಣಿಕಟ್ಟು ಹಿಡಿದು ಬರೆಸುತ್ತಿದ್ದರು. "ಟೀಚರ್, ನಿಮ್ಮ ಕೈ ನಡುಗ್ತಿದೆ" ಎಂದಿತು ಮಗು.

"ನಿನ್ನ ಕೈ ಕಣೇ, ನೆಟ್ಟಗೆ ಬರಿ" ಎಂದರು ಟೀಚರ್.

ಮುಂದಿನ ವರ್ಷ ಆ ನಿಯಮವನ್ನು ತೆಗೆದುಹಾಕಿದರು. ಇಷ್ಟು ಕಾಲ ಅದು ಯಾಕಿತ್ತು, ಈಗ ಯಾಕೆ ಹೋಯಿತು, ಯಾರೂ ಹೇಳಲಿಲ್ಲ. ಎರಡನೇ ಕ್ಲಾಸಿನ ಚಿಕ್ಕ ವಯಸ್ಸಿನ ಟೀಚರಿಗೆ ಆಗಲೇ ಗಂಡು ಗೊತ್ತಾಗಿತ್ತು. ಎಲ್ಲರಿಗೂ ಸಿಹಿ ಕೊಡುತ್ತ ಬಂದು, "ಇನ್ನು ನೀವೂ ಒಬ್ಬರನ್ನ ನೋಡ್ಕೊಳ್ಳಿ ಟೀಚರ್" ಎಂದು ತಮಾಷೆ ಮಾಡಿದಳು. ಎಲ್ಲರೂ ನಕ್ಕರು, ಟೀಚರೂ ನಕ್ಕರು. ಸಿಹಿಯನ್ನು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದರು. ಹಳೆಯ ನಿಯಮ ಹೋದರೂ ಸರ್ಕಾರ ಅದರ ಬಾಲವನ್ನು ಉಳಿಸಿಕೊಂಡಿತ್ತು: ಆ ಕಾಲದಲ್ಲಿ ಮದುವೆಯನ್ನು ಮುಚ್ಚಿಟ್ಟು ದುಡಿದವರಿಗೆ ಪೆನ್ಷನ್ ಇಲ್ಲ. ಆದ್ದರಿಂದ ಸತ್ತವರನ್ನು ಇನ್ನೂ ಅಣ್ಣ ಎಂದೇ ಹೇಳಬೇಕಿತ್ತು.

ಟೀಚರ್ ಕೆಲಸದಿಂದ ನಿವೃತ್ತರಾಗುವ ದಿನ ಹಜಾರದ ಬೀರುಗಳನ್ನೆಲ್ಲ ಪಕ್ಕಕ್ಕೆ ಸರಿಸಿ ಸಭೆ ಮಾಡಿದರು. ಅಮ್ಮ ಆ ವರ್ಷದ ಆರಂಭದಲ್ಲಿ ತೀರಿಕೊಂಡಿದ್ದರು. ಗಂಟೆಯಮ್ಮ ಕೋಲೂರಿಕೊಂಡು ಬಂದು ವೇದಿಕೆಯ ಮೇಲೆ ಕೂತಿದ್ದರು. ಶಾಲಾ ಇನ್ಸ್‌ಪೆಕ್ಟರು ಪೆನ್ಷನ್ನಿನ ಕಾಗದವನ್ನು ಜೊತೆಗೇ ತಂದಿದ್ದರು. ಸಭೆ ಮುಗಿದ ಕೂಡಲೇ ಅಲ್ಲೇ ಸಹಿ ಹಾಕಿ ಕೊಡುವುದೆಂದು ಇತ್ತು. ಮುಂದಿನ ಬೆಂಚಿನಲ್ಲಿ ಹಳೆಯ ಮಕ್ಕಳ ತಂದೆತಾಯಿಗಳು. ಅವರಲ್ಲಿ ವಾರ್ಡಿನ ಆ ನರ್ಸೂ ಇದ್ದರು.

ಎರಡು ಮಾತು ಹೇಳಿ ಕೈಮುಗಿದು ಕೂತುಬಿಡುವುದೆಂದು ಟೀಚರ್ ತೀರ್ಮಾನಿಸಿಕೊಂಡೇ ಬಂದಿದ್ದರು. ಇನ್ಸ್‌ಪೆಕ್ಟರು ಒಳ್ಳೆಯ ಮಾತುಗಾರರು. "ಸಂಸಾರ ಸುಖವನ್ನೇ ತೊರೆದವರು" ಎಂದರು. ಟೀಚರ್ ತಲೆ ತಗ್ಗಿಸಿಕೊಂಡರು. "ಮದುವೆಯ ಯೋಚನೆಯನ್ನೂ ಮನಸ್ಸಿಗೆ ತಂದುಕೊಳ್ಳದವರು" ಎಂದರು. ಜನ ಚಪ್ಪಾಳೆ ತಟ್ಟಿದರು. ಅದನ್ನೂ ಟೀಚರ್ ನುಂಗಿಕೊಂಡರು. ಆಮೇಲೆ ಇನ್ಸ್‌ಪೆಕ್ಟರು ದನಿ ತೇವ ಮಾಡಿಕೊಂಡು, "ತಮ್ಮವರೆಂದು ಹೇಳಿಕೊಳ್ಳಲು ಯಾರೂ ಇಲ್ಲದ ಈ ತಾಯಿ" ಎಂದರು.

ಯಾರೂ ಇಲ್ಲ. ಉಸಿರಿಗೆ ಒದ್ದಾಡುತ್ತ, ಬಾಗಿಲು ನೋಡುತ್ತ, ಎರಡು ಸಲ ಹೇಳಿದ್ದ ಮಾತು. ಟೀಚರಿಗೆ ಮೈಯೆಲ್ಲ ಉರಿಯಿತು. ಆತ ಕೊನೆಯ ಉಸಿರಿನಲ್ಲೂ ತನ್ನನ್ನು ಕಾಪಾಡಿದ; ತಾನು ಇವತ್ತೂ ಇಲ್ಲಿ ಕೂತು ಆತ ಇರಲೇ ಇಲ್ಲ ಎಂಬ ಮಾತಿಗೆ ತಲೆಯಾಡಿಸಿ, ಅದಕ್ಕೆ ಕೂಲಿಯೆಂದು ಕಾಗದವೊಂದನ್ನು ಮನೆಗೆ ಒಯ್ಯಬೇಕು.

ಅವರ ಸರದಿ ಬಂತು. ಎದ್ದು ನಿಂತು, ಕ್ಲಾಸಿನಲ್ಲಿ ಮಾತಾಡುವ ಅದೇ ಸಣ್ಣ ದನಿಯಲ್ಲಿ, "ನನಗೆ ಮದುವೆಯಾಗಿತ್ತು" ಎಂದರು.

ಹಿಂದಿನ ಬೆಂಚಿನವರು ಏನಂತೆ, ಏನಂತೆ ಎಂದು ಕತ್ತು ಚಾಚಿದರು. ಗಂಟೆಯಮ್ಮ ಟೀಚರ್ ಮುಂಗೈ ಹಿಡಿದು ಜಗ್ಗಿದರು. ಇನ್ಸ್‌ಪೆಕ್ಟರು ಕುರ್ಚಿಯಿಂದ ಅರ್ಧ ಎದ್ದು ಬಗ್ಗಿ ಪಿಸುಗುಟ್ಟಿದರು. ಕೆಟ್ಟ ಮನುಷ್ಯರಲ್ಲ ಅವರು. "ಅಮ್ಮಾ, ಬಾಯಿ ತಪ್ಪಿ ಬಂತು ಅನ್ನಿ. ನಾನು ಕೇಳಿಸ್ಕೊಂಡಿಲ್ಲ. ಸಹಿ ಇನ್ನೂ ಆಗಿಲ್ಲ, ನೆನಪಿರಲಿ."

"ಬಾಯಿ ತಪ್ಪಿಲ್ಲ ಸಾರ್. ಇಷ್ಟು ವರ್ಷ ತಪ್ಪಿತ್ತು" ಎಂದರು ಟೀಚರ್. ಅವರ ಕಣ್ಣು ಮುಂದಿನ ಬೆಂಚಿನಲ್ಲಿದ್ದ ನರ್ಸನ್ನು ಹುಡುಕಿತು. "ಸಿಸ್ಟರ್, ಅವತ್ತು ನೀವು ನನ್ನನ್ನ ಕೇಳಿದ್ರಿ, ಇವರು ನಿಮಗೇನಾಗಬೇಕು ಅಂತ. ನಾನು ಸುಳ್ಳು ಹೇಳಿದೆ. ಆಮೇಲೆ ಅವರನ್ನ ಕೇಳಿದ್ರಿ. ಅವರೂ ಸುಳ್ಳು ಹೇಳಿದ್ರು, ನನ್ನ ಕೆಲಸ ಉಳೀಲಿ ಅಂತ. ಅವರಿಗೆ ಯಾರೂ ಇಲ್ಲದೆ ಇರಲಿಲ್ಲ. ಹೆಂಡತಿ ಇದ್ದಳು. ಎರಡು ಬೀದಿ ಆಚೆ ಪಾಠ ಮಾಡ್ತಾ ಇದ್ದಳು."

ಇನ್ಸ್‌ಪೆಕ್ಟರು ಪೆನ್ನಿಗೆ ಮುಚ್ಚಳ ಹಾಕಿ ಕಾಗದವನ್ನು ಮಡಿಸಿ ಜೇಬಿಗಿಟ್ಟುಕೊಂಡರು. ಟೀಚರ್ ಅದನ್ನು ನೋಡಿದರು. ನೋಡಿಯೂ ಅವರಿಗೆ ಏನೂ ಅನ್ನಿಸಲಿಲ್ಲ.

ನರ್ಸು ಬೆಂಚಿನಿಂದ ಎದ್ದು ನಿಂತಿದ್ದರು. ಅವರ ಮುಖ ಬಿಳಿಚಿಕೊಂಡಿತ್ತು.

"ನನ್ನ ಕಿವೀಲಿ ಹೇಳಿದ್ರೆ ಸಾಕಿತ್ತಲ್ಲ ಟೀಚರ್" ಎಂದರು. "ನಾನು ಯಾರಿಗೂ ಹೇಳ್ತಿರಲಿಲ್ಲ. ಒಳಗೆ ಬಿಡ್ತಿದ್ದೆ."

ಇಷ್ಟು ವರ್ಷಗಳಲ್ಲಿ ಟೀಚರಿಗೆ ಆ ಯೋಚನೆ ಒಮ್ಮೆಯೂ ಬಂದಿರಲಿಲ್ಲ.